ಚಿಕ್ಕ ಮಾಸ್ಟರ್ ಕತ್ತರಿ ಹಿಡಿದದ್ದು

ತಲೆಯಲ್ಲಿ ಕರಿಕೂದಲು ಹುಡುಕಿದರೂ ಸಿಗದ ವಯಸ್ಸಾಗಿತ್ತು. ಆದರೂ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಚಿಕ್ಕ ಮಾಸ್ಟರ್ ಎಂದೇ. ದೊಡ್ಡ ಮಾಸ್ಟರ್ ಇರುವ ತನಕ ಚಿಕ್ಕವನು ಚಿಕ್ಕವನೇ. ದೊಡ್ಡ ಮಾಸ್ಟರ್ ಎಂದರೆ ಅವನ ಅಣ್ಣ. ಇಬ್ಬರಿಗೂ ಸೇರಿ ಒಂದು ದರ್ಜಿ ಅಂಗಡಿ: ಮುಂದೆ ಗಾಜಿನ ಬಾಗಿಲು, ಒಳಗೆ ಗೋಡೆಯುದ್ದಕ್ಕೂ ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ನಿಲುವುಗನ್ನಡಿ, ಹಿಂದೆ ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ಮೇಜು ಅಣ್ಣನದು, ಯಂತ್ರ ತಮ್ಮನದು. ಅಳತೆ ತೆಗೆದು ಕತ್ತರಿಸುವುದು ಅಣ್ಣ, ಕತ್ತರಿಸಿದ್ದನ್ನು ಕೂಡಿಸಿ ಹೊಲಿಯುವುದು ತಮ್ಮ. ಅಪ್ಪ ತೀರಿಕೊಂಡ ವರ್ಷ ಮಾಡಿಕೊಂಡ ಈ ಏರ್ಪಾಡು ಇವತ್ತಿಗೂ ಒಂದಿಂಚು ಕದಲಿರಲಿಲ್ಲ.

ದರ್ಜಿಗಳ ಲೋಕದಲ್ಲಿ ಕತ್ತರಿ ಹಿಡಿದವನೇ ಮಾಸ್ಟರ್. ಹೊಲಿಯುವವನು ಎಷ್ಟೇ ಜೀವ ತೇಯಲಿ, ಗಿರಾಕಿ ಕನ್ನಡಿ ಮುಂದೆ ನಿಂತು ಭುಜ ಸವರಿಕೊಂಡು, "ಏನ್ ಕಟಿಂಗ್ ಮಾಸ್ಟ್ರೇ!" ಎನ್ನುವುದು ಅಣ್ಣನಿಗೆ. ಆ ಮಾತು ಚಿಕ್ಕ ಮಾಸ್ಟರನ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಚುಚ್ಚಿಕೊಂಡು ಕೂತಿತ್ತು. ನನಗೂ ಕತ್ತರಿ ಕೊಡು ಎಂದು ಅಣ್ಣನನ್ನು ಕೇಳಬೇಕು, ಕೊಡದಿದ್ದರೆ ಎದ್ದು ಹೋಗಿ ಬೇರೆ ಅಂಗಡಿ ಇಡಬೇಕು ಎಂದು ಅವನು ತೀರ್ಮಾನಿಸಿ ಎಷ್ಟೋ ಕಾಲವಾಗಿತ್ತು. ತೀರ್ಮಾನವೇನೋ ಗಟ್ಟಿಯಾಗಿಯೇ ಇತ್ತು. ಅಣ್ಣನೊಬ್ಬನನ್ನು ಬಿಟ್ಟು ಮಿಕ್ಕವರಿಗೆಲ್ಲ ಅದನ್ನು ಹೇಳಿಯೂ ಆಗಿತ್ತು. ಎಲ್ಲರಿಗಿಂತ ಹೆಚ್ಚು ಕೇಳಿಸಿಕೊಂಡವಳು ಹೆಂಡತಿ. ಊಟಕ್ಕೆ ಕೂತರೆ ಮೊದಲ ತುತ್ತಿಗೆ ಅಣ್ಣ, ಕೊನೆಯ ತುತ್ತಿಗೂ ಅಣ್ಣ.

ಒಂದು ಸಂಜೆ ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. "ರೀ, ನನ್ನ ಕಿವಿ ತೂತು ಬಿದ್ದು ಹೋಯ್ತು. ಇಂಥದ್ದನ್ನ ಕೇಳೋಕೇ ಅಂತ ಈಗ ಜನ ಇದಾರೆ. ಲೈಫ್ ಕೋಚ್ ಅಂತಾರೆ. ನಾನು ಕೆಲಸ ಮಾಡೋ ಲೈಬ್ರರಿಗೆ ಬರೋ ಒಬ್ಬರು ಅಲ್ಲಿಗೆ ಹೋಗಿ ಸಿಗರೇಟೇ ಬಿಟ್ಟರು. ನೀವೂ ಹೋಗಿ ಬನ್ನಿ."

"ನನಗೇನಾಗಿದೆ? ಬದಲಾಗಬೇಕಾದ್ದು ಅಣ್ಣ."

"ಅದನ್ನೂ ಅಲ್ಲೇ ಹೇಳಿ."

ಕೋಚ್ ಇದ್ದದ್ದು ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ. ವೇದಿಕೆಯ ಮೇಲೆ ಕೈ ಬೀಸಿ ಕೂಗಾಡುವ ಸೂಟಿನ ಗಂಡಸನ್ನು ನಿರೀಕ್ಷಿಸಿಕೊಂಡು ಹೋಗಿದ್ದ ಅವನಿಗೆ ಸಿಕ್ಕಿದ್ದು ಕನ್ನಡಕ ಹಾಕಿದ, ಮೆಲುದನಿಯ ಒಬ್ಬ ಹೆಂಗಸು. ಎದುರುಬದುರು ಎರಡು ಕುರ್ಚಿ, ಒಂದು ಲೋಟ ನೀರು, ಕಿಟಕಿಗೆ ಅಂಚು ಸೊಟ್ಟಗೆ ಹೊಲಿದ ಪರದೆ. ಅವನು ಶುರು ಹಚ್ಚಿಕೊಂಡ. ಅಪ್ಪ ತೀರಿಕೊಂಡಲ್ಲಿಂದ ಹಿಡಿದು ನಿನ್ನೆ ಗಿರಾಕಿ ಅಣ್ಣನನ್ನು ಹೊಗಳಿದ ಕೋಟಿನ ತನಕ ಎಲ್ಲವನ್ನೂ ಹೇಳಿದ. ಆಕೆ ಎಲ್ಲೂ ತಡೆಯಲಿಲ್ಲ. ಮುಗಿಯುವ ಹೊತ್ತಿಗೆ ಅವನಿಗೆ ಎಷ್ಟು ಹಗುರವಾಗಿತ್ತೆಂದರೆ, ಹೊಸ ಅಂಗಡಿಯ ಬೋರ್ಡು ಹಾಕಿಯೇ ಬಿಟ್ಟಂತಿತ್ತು.

"ಬದಲಾಗೋಕೆ ನೀವು ಎಷ್ಟು ರೆಡಿ ಇದೀರಿ? ಒಂದರಿಂದ ಹತ್ತರೊಳಗೆ ಒಂದು ನಂಬರು ಹೇಳಿ," ಎಂದರು ಕೋಚ್.

"ಹನ್ನೊಂದು!"

"ಬಹಳ ಸಂತೋಷ. ಹಾಗಾದ್ರೆ ಮುಂದಿನ ಸಲ ಬರೋದರೊಳಗೆ ಮನೇಲಿ ಒಂದು ಅಂಗಿ ಕತ್ತರಿಸಿ. ಹೊಲೀಬೇಡಿ. ಬರೀ ಕತ್ತರಿಸಿದರೆ ಸಾಕು."

ಮುಂದಿನ ಸಲ ಅವನು ಬರಿಗೈಯಲ್ಲಿ ಹೋದ. ಮನೆಯ ಊಟದ ಮೇಜು ದುಂಡಗಿದೆ, ಬಟ್ಟೆ ಹಾಸಿದರೆ ನಾಲ್ಕೂ ಕಡೆ ಜೋತು ಬೀಳುತ್ತದೆ ಎಂದ. ಅದರ ಮುಂದಿನ ಸಲ, ಮನೆಯ ಕತ್ತರಿ ಮೊಂಡಾಗಿತ್ತು. ಆಮೇಲೆ ಶಾಲೆಯ ಯೂನಿಫಾರಂ ಹೊಲಿಯುವ ಕಾಲ ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆಕೆಗಾದರೂ ನೆಲವೊಂದೇ ನೆಪ, ಇವನಿಗೆ ಮೇಜು, ಕತ್ತರಿ, ಹವಾಮಾನ, ಸೊಂಟನೋವು ಎಲ್ಲವೂ ಒದಗಿ ಬಂದವು.

ಹಾಗೆಂದು ಅವನು ಸುಮ್ಮನೆ ಕೂತಿದ್ದನೆಂದಲ್ಲ. ಬದಲಾವಣೆಯ ಬಗ್ಗೆ ಮಾತಾಡುವುದರಲ್ಲಿ ಭಾರೀ ಪ್ರಗತಿ ಸಾಧಿಸಿದ್ದ. ಇಸ್ತ್ರಿ ಅಂಗಡಿಯವನನ್ನು ನಿಲ್ಲಿಸಿಕೊಂಡು, "ಬದಲಾವಣೆ ಅನ್ನೋದು ಒಳಗಿಂದ ಬರಬೇಕು ಕಣಯ್ಯ," ಎಂದು ಉಪದೇಶ ಮಾಡಿದ. ಒಂದು ಪ್ಯಾಂಟು ಸೀಯುವ ತನಕ ಅವನನ್ನು ಬಿಡಲಿಲ್ಲ.

ಮುಂದೊಂದು ಭೇಟಿಯಲ್ಲಿ ಕೋಚ್ ಅಂಗಿಯ ವಿಷಯವನ್ನೇ ಎತ್ತಲಿಲ್ಲ. "ಒಂದು ಮಾತು ಕೇಳ್ತೀನಿ. ನಾಳೆ ಬೆಳಿಗ್ಗೆ ನಿಮ್ಮಣ್ಣ ತಾವಾಗೇ ಕತ್ತರಿ ತಂದು ಕೈಗೆ ಕೊಟ್ರು ಅಂತಿಟ್ಕೊಳ್ಳಿ. ನೀವೇನು ಕಳ್ಕೊಳ್ತೀರಿ?"

"ಕಳ್ಕೊಳ್ಳೋದೇನು ಬಂತು? ಸಿಗುತ್ತೆ ಮೇಡಂ!"

"ಸಿಗೋದು ನಂಗೂ ಗೊತ್ತು. ಕಳ್ಕೊಳ್ಳೋದನ್ನ ಹೇಳಿ."

ಅವನು ಬಾಯಿ ತೆರೆದ. ಮಾತಿಗಿಂತ ಮೊದಲು ಯೋಚನೆ ಬಂತು. ಬರಬಾರದಿತ್ತು ಎನ್ನಿಸುವಂಥ ಯೋಚನೆ. ಕತ್ತರಿ ಕೈಗೆ ಬಂದ ಮೇಲೆ ಕೋಟು ಕೆಟ್ಟರೆ ಅಣ್ಣನ ಕಟಿಂಗೇ ಸರಿಯಿಲ್ಲ ಎನ್ನುವಂತಿಲ್ಲ. ಊಟದ ಹೊತ್ತಿಗೆ ಆಡಲು ಮಾತಿರುವುದಿಲ್ಲ. 'ನನಗೊಂದು ಅವಕಾಶ ಸಿಕ್ಕಿದ್ದಿದ್ದರೆ' ಎಂದು ನಿಟ್ಟುಸಿರು ಬಿಡುವ ಸುಖವಿದೆಯಲ್ಲ, ಇಷ್ಟು ವರ್ಷ ಅವನನ್ನು ಸಾಕಿದ್ದೇ ಆ ಸುಖ. ಎಲ್ಲರೂ ನಾಯಿಯನ್ನೋ ಬೆಕ್ಕನ್ನೋ ಸಾಕಿದರೆ ತಾನು ಒಂದು ದೂರನ್ನು ಸಾಕಿಕೊಂಡಿದ್ದೆ ಎಂದು ಹೊಳೆದು ಅವನ ಕಿವಿ ಬಿಸಿಯಾಯಿತು.

"ಏನೂ ಇಲ್ಲ ಮೇಡಂ," ಎಂದ.

"ಹಾಗಾದ್ರೆ ಸದ್ಯಕ್ಕೆ ನಾವು ಇಲ್ಲಿಗೆ ನಿಲ್ಲಿಸೋಣ. ನೀವು ಇನ್ನೂ ರೆಡಿ ಇಲ್ಲ."

"ಅರೆ! ಬಾಗಿಲಿಗೆ ಬಂದ ಗಿರಾಕೀನ ವಾಪಸ್ ಕಳಿಸ್ತಾರಾ ಯಾರಾದ್ರೂ?"

"ಅಳತೆ ತೆಗೆಯೋವಾಗ ಹೊಟ್ಟೆ ಒಳಗೆಳ್ಕೊಂಡು ನಿಲ್ಲೋರಿಗೆ ನಿಮ್ಮ ಅಂಗಡೀಲಿ ಏನು ಹೇಳ್ತೀರಿ?"

"ಉಸಿರು ಬಿಡಿ ಸ್ವಾಮಿ, ಇಲ್ದಿದ್ರೆ ಆಮೇಲೆ ಗುಂಡಿ ಕಿತ್ತು ಹೋಗುತ್ತೆ ಅಂತೀವಿ."

"ನೀವೂ ಉಸಿರು ಬಿಡಿ. ರೆಡಿ ಇಲ್ಲದೆ ಇರೋದು ತಪ್ಪೇನಲ್ಲ. ಹೆದರಿಕೆ ಇದ್ರೆ ಹೆದರಿಕೆ ಇದೆ ಅನ್ನಿ, ಅಲ್ಲಿಂದ ಶುರು ಮಾಡಬಹುದು. ಹನ್ನೊಂದರಿಂದ ಎಲ್ಲಿಗೆ ಅಂತ ಹೋಗೋದು?"

ಅವನು ಮುಖ ಊದಿಸಿಕೊಂಡು ಹೊರಬಿದ್ದ. ಮೆಟ್ಟಿಲ ತಿರುವಿನಲ್ಲಿ, ಟೋಪಿ ಹಣೆಯ ತನಕ ಎಳೆದುಕೊಂಡು ಒಬ್ಬರು ಹತ್ತಿ ಬರುತ್ತಿದ್ದರು. ಆ ಕೋಟಿನ ತೋಳು ತಾನೇ ಹೊಲಿದದ್ದು ಎಂದು ಮೊದಲು ಗೊತ್ತಾಯಿತು, ಒಳಗಿರುವುದು ಅಣ್ಣ ಎಂದು ಆಮೇಲೆ.

"ನೀನೇನೋ ಇಲ್ಲಿ?" ಎಂದ ಅಣ್ಣ.

"ಹಲ್ಲುನೋವು. ಹಲ್ಲಿನ ಡಾಕ್ಟ್ರ ಹತ್ರ ಬಂದಿದ್ದೆ. ನೀನು?"

"ನಾನೂ ಅಲ್ಲಿಗೇ."

ಅಣ್ಣನ ಬಾಯಲ್ಲಿ ಸ್ವಂತದ್ದೆಂಬ ಹಲ್ಲು ಒಂದೂ ಇರಲಿಲ್ಲ. ಹಲ್ಲಿನ ಡಾಕ್ಟರು ಕಟ್ಟಡ ಬಿಟ್ಟು ಹೋಗಿ ವರ್ಷವಾಗಿತ್ತು. ಗೋಡೆಯ ಮೇಲೆ ಅವರ ಬೋರ್ಡಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಇಬ್ಬರೂ ಆ ಬಿಳಿ ಚೌಕವನ್ನೇ ನೋಡಿದರು. ಒಬ್ಬ ಮೇಲಕ್ಕೆ ಹೋದ, ಒಬ್ಬ ಕೆಳಕ್ಕೆ ಹೋದ.

ಮರುದಿನ ಅಂಗಡಿಯಲ್ಲಿ ಮಧ್ಯಾಹ್ನದ ತನಕ ಅಣ್ಣ ಕತ್ತರಿಸಿದ, ತಮ್ಮ ಹೊಲಿದ. ಆಮೇಲೆ ಅಣ್ಣ ಮೇಜಿನ ಕಡೆಯಿಂದ ಕೇಳಿದ, "ಹಲ್ಲು ಹೇಗಿದೆಯೋ?"

"ಯಾವ ಹಲ್ಲು?"

ಅಣ್ಣ ಮೊದಲು ನಕ್ಕ. ನಗು ನಿಂತ ಮೇಲೆ ಬಲಗೈ ಚಾಚಿ ತೋರಿಸಿದ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ಹೋದ ವರ್ಷದಿಂದ ಹೀಗಿದೆ. ಕತ್ತರಿ ನಿನಗೆ ಕೊಡಬೇಕು ಅಂತ ಅಲ್ಲಿಂದ ಅಂದ್ಕೋತಾನೇ ಇದೀನಿ. ಬಾಯಿ ಬರ್ತಾ ಇಲ್ಲ. ಕತ್ತರಿ ಬಿಟ್ಟ ಮೇಲೆ ನನ್ನನ್ನ ಮಾಸ್ಟರ್ ಅಂತ ಯಾರು ಕರೀತಾರೆ ಹೇಳು? 'ನೀವಿನ್ನೂ ರೆಡಿ ಇಲ್ಲ' ಅಂತ ಎರಡು ಸಲ ವಾಪಸ್ ಕಳಿಸಿದಾಳೆ ನನ್ನ, ಆ ಕೋಚ್ ಪುಣ್ಯಾತ್ಗಿತ್ತಿ."

ಅಣ್ಣನ ಕೈ ನಡುಗುವುದು ಇಷ್ಟು ದಿನ ತನ್ನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಚಿಕ್ಕ ಮಾಸ್ಟರನಿಗೆ ನಾಚಿಕೆಯಾಯಿತು. ಅಣ್ಣನ ತಪ್ಪು ಹುಡುಕುವುದರಲ್ಲೇ ಮುಳುಗಿದ್ದವನಿಗೆ ಅಣ್ಣನನ್ನು ನೋಡಲು ಪುರಸೊತ್ತೆಲ್ಲಿತ್ತು?

ಅಣ್ಣ ಕತ್ತರಿಯನ್ನು ಮೇಜಿನ ಮೇಲೆ ಅವನತ್ತ ಜಾರಿಸಿದ. "ತಗೋ. ಪಿಟೀಲು ಮೇಷ್ಟ್ರ ಕೋಟು. ಗುರುತು ಹಾಕಿಟ್ಟಿದೀನಿ, ಕತ್ತರಿಸು."

"ಇವತ್ತೇನಾ? ಮುಂದಿನ ವಾರ ನೋಡಿದ್ರೆ... ಈ ಬೆಳಕಿಗೆ..." ಎನ್ನುತ್ತಿದ್ದಂತೆ ಅವನ ದನಿ ಅವನಿಗೇ ಕೇಳಿಸಿತು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮಾತು ನುಂಗಿಕೊಂಡ. "ಅಣ್ಣ, ನಂಗೆ ಭಯ ಆಗ್ತಿದೆ ಕಣೋ," ಎಂದ.

"ಆಗಲಿ, ಕತ್ತರಿಸು."

ಕತ್ತರಿ ಅವನಂದುಕೊಂಡದ್ದಕ್ಕಿಂತ ಭಾರವಿತ್ತು. ಬೆನ್ನಿನ ಭಾಗ ಕತ್ತರಿಸಿದ, ಎದೆಯ ಭಾಗ ಕತ್ತರಿಸಿದ, ಬೆವರು ಒರೆಸಿಕೊಂಡ. ಬಟ್ಟೆಯನ್ನು ಮಡಿಸಿ ಎರಡು ಪದರ ಒಟ್ಟಿಗೆ ಕತ್ತರಿಸಿದರೆ ಎಡದ ತೋಳು, ಬಲದ ತೋಳು ತಾವಾಗಿಯೇ ಬರುತ್ತವೆ. ಎಲ್ಲಿ ಕೆಡುತ್ತದೋ ಎಂಬ ಭಯಕ್ಕೆ ಅವನು ಒಂದೊಂದಾಗಿ ಕತ್ತರಿಸಿದ, ಎರಡನೆಯ ಸಲ ಬಟ್ಟೆ ತಿರುವಿಹಾಕುವುದನ್ನು ಮರೆತ. ಮುಗಿಸಿ, ಹೆಮ್ಮೆಯಿಂದ ತುಂಡುಗಳನ್ನು ಜೋಡಿಸಿಟ್ಟು ಹಿಂದೆ ಸರಿದು ನೋಡಿದರೆ, ಎರಡೂ ಎಡತೋಳು.

ಅಣ್ಣ ನೋಡಿದ. ಕಟ್ಟಿಸಿದ ಹಲ್ಲು ಜಾರಿ ಬೀಳದಂತೆ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದ. "ಎರಡೂ ಕೈ ಎಡಗೈ ಇರೋ ಗಿರಾಕೀನ ಎಲ್ಲಿಂದ ಹಿಡ್ಕೊಂಡು ಬರ್ತೀಯೋ?"

ಎಷ್ಟೋ ವರ್ಷದಿಂದ 'ನಾನು ಹಿಡಿದಿದ್ದರೆ ಗೊತ್ತಾಗುತ್ತಿತ್ತು' ಎನ್ನುತ್ತಿದ್ದವನಿಗೆ ಈಗ ಗೊತ್ತಾಯಿತು. ವಿಚಿತ್ರವೆಂದರೆ ಭೂಮಿ ಬಾಯಿಬಿಡಲಿಲ್ಲ. ಅವನೇ ಜವಳಿ ಅಂಗಡಿಗೆ ಓಡಿ ಅದೇ ಬಟ್ಟೆಯ ಇನ್ನೊಂದು ತುಂಡು ತಂದ, ಈ ಸಲ ಮಡಿಸಿಯೇ ಕತ್ತರಿಸಿದ. ಸಂಜೆ ಊಟಕ್ಕೆ ಕೂತಾಗ ಹೆಂಡತಿ ತಾನಾಗಿಯೇ, "ಹೇಳಿ, ಇವತ್ತು ಭಾವ ಏನಂದ್ರು?" ಎಂದು ಕಿವಿಯನ್ನು ಒಪ್ಪಿಸಿ ಕೂತಳು. ಅವನು ತೋಳಿನ ಕತೆ ಹೇಳಿದ. ಅವಳು ಬಿದ್ದು ಬಿದ್ದು ನಕ್ಕು, "ಇನ್ನೊಂದ್ಸಲ ಹೇಳಿ," ಎಂದಳು. ಮದುವೆಯಾದಾಗಿನಿಂದ ಅವನ ಯಾವ ಮಾತನ್ನೂ ಎರಡನೇ ಸಲ ಹೇಳಿ ಎಂದು ಅವಳು ಕೇಳಿದ್ದಿಲ್ಲ.

ಬೇರೆ ಅಂಗಡಿಯ ಮಾತು ಅಲ್ಲಿಗೆ ನಿಂತಿತು. ಅಣ್ಣ ಗಿರಾಕಿಗಳನ್ನು ಮಾತಾಡಿಸಿ ಅಳತೆ ತೆಗೆಯುವುದು, ತಮ್ಮ ಕತ್ತರಿಸಿ ಹೊಲಿಯುವುದು ಎಂದಾಯಿತು. ಕೆಲವು ಬೆಳಿಗ್ಗೆ ಈಗಲೂ ಅವನಿಗೆ ಸೊಂಟನೋವು ಬರುತ್ತಿತ್ತು; ಅದು ಸೊಂಟದ್ದಲ್ಲ ಎಂದು ಗೊತ್ತಿದ್ದರಿಂದ ಎದ್ದು ಹೋಗುತ್ತಿದ್ದ.

ಪಿಟೀಲು ಮೇಷ್ಟ್ರು ಕೋಟು ಹಾಕಿ ನೋಡಲು ಬಂದರು. ಕನ್ನಡಿ ಮುಂದೆ ತಿರುಗಿ, ಕೈ ಎತ್ತಿ ಪಿಟೀಲು ಹಿಡಿದಂತೆ ಮಾಡಿ, "ಚೆನ್ನಾಗಿದೆ. ಯಾರು ಕತ್ತರಿಸಿದ್ದು?" ಎಂದರು. ಹಳೇ ಅಭ್ಯಾಸ, ಚಿಕ್ಕ ಮಾಸ್ಟರನ ಬೆರಳು ಅಣ್ಣನತ್ತ ಹೋಯಿತು. ಅಣ್ಣನ ಬೆರಳು ಆಗಲೇ ಅವನತ್ತ ಚಾಚಿತ್ತು.

"ನಾನೇ ಸಾರ್," ಎಂದ ಚಿಕ್ಕ ಮಾಸ್ಟರ್, ಬೆರಳು ಹಿಂದಕ್ಕೆಳೆದುಕೊಂಡು. "ಎಡ ಭುಜ ಒಂದು ಚೂರು ಎತ್ತಿಕೊಂಡಿದೆ. ನಿಮಗೆ ಕಾಣ್ತಾ ಇಲ್ಲ, ನಂಗೆ ಕಾಣುತ್ತೆ. ಬಿಚ್ಚಿಕೊಡಿ, ಸರಿ ಮಾಡ್ತೀನಿ."

ಮೇಷ್ಟ್ರು ಕೋಟು ಬಿಚ್ಚಿಕೊಟ್ಟರು. ಅಣ್ಣ ಸೀಮೆಸುಣ್ಣ ಹುಡುಕಿ ಮುಂದಿಟ್ಟ.