ನಡುವೆ ನುಂಗಿದ ಡೈ

ಕೋಟು ಹೊಲಿಯುವ ಟೇಲರಿಗೆ ಅರವತ್ತು ದಾಟಿದ್ದರೂ ತಲೆಯಲ್ಲಿ ಒಂದೇ ಒಂದು ಬಿಳಿ ಎಳೆ ಇರಲಿಲ್ಲ. ಮೀಸೆಯಂತೂ ಕಾಡಿಗೆ ತೀಡಿದ ಹಾಗೆ. ಕೇಳಿದವರಿಗೆಲ್ಲ, "ನಮ್ಮ ವಂಶದ ರಕ್ತವೇ ಹಾಗೆ" ಅನ್ನುತ್ತಿದ್ದ. ಅದೇ ರಕ್ತದ ಸ್ವಂತ ತಮ್ಮ ನಲವತ್ತಕ್ಕೇ ಹತ್ತಿಯ ಹಾಗೆ ಬೆಳ್ಳಗಾಗಿದ್ದನಲ್ಲ ಎಂದರೆ, "ಅವನು ಚಿಕ್ಕಂದಿನಿಂದಲೂ ಸೊಪ್ಪು ಮುಟ್ಟಿದವನಲ್ಲ" ಎಂಬ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಪಾಪ, ತಮ್ಮ ಆ ಮಾತು ನಂಬಿ ವರ್ಷಗಟ್ಟಲೆ ಖಾಲಿ ಹೊಟ್ಟೆಗೆ ಕಹಿ ಸೊಪ್ಪಿನ ರಸ ಕುಡಿದು ಮುಖ ಕಿವುಚಿಕೊಂಡ. ಟೇಲರನ ಹೆಂಡತಿಯ ಕೂದಲೂ ನೆರೆತಿತ್ತು. ನೆಂಟರು ಇಬ್ಬರನ್ನೂ ಒಟ್ಟಿಗೆ ನೋಡಿ ನಕ್ಕಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

ಒಂದು ಬೆಳಗ್ಗೆ ಟೇಲರ್ ಏಳುವಾಗ ಹಣೆ, ಕಿವಿ, ಮೇಲ್ತುಟಿ ಎಲ್ಲ ಊದಿ ಮುಖ ಕುಂಬಳಕಾಯಿಯಾಗಿತ್ತು. ಹೆಂಡತಿ ಜೊತೆಗೆ ಬರುತ್ತೇನೆಂದರೂ ಬೇಡವೆಂದು ಒಬ್ಬನೇ ಚರ್ಮದ ಡಾಕ್ಟರ ಹತ್ತಿರ ಹೋದ. ಡಾಕ್ಟರಮ್ಮ ಬೆನ್ನಿಗೆ ಬೇರೆ ಬೇರೆ ರಾಸಾಯನಿಕ ಸವರಿದ ಪಟ್ಟಿ ಅಂಟಿಸಿ ಕಳಿಸಿದರು. ಎರಡು ದಿನ ಬಿಟ್ಟು ಬಿಚ್ಚಿ ನೋಡಿದರೆ ಒಂದು ಜಾಗ ಮಾತ್ರ ಕೆಂಪಗೆ ಉಬ್ಬಿತ್ತು.

"ನಿಮಗೆ ಆಗದೇ ಇರೋದು ಪ್ಯಾರಾ ಫಿನೈಲೀನ್ ಡೈಅಮೀನ್."

ಟೇಲರ್ ಹೌಹಾರಿದ. "ಅಯ್ಯೋ, ಹೆಸರಲ್ಲೇ ಡೈ ಅಂತ ಬಂತಲ್ಲ ಡಾಕ್ಟ್ರೇ!"

"ಆ ಡೈ ಬೇರೆ. ಇಲ್ಲಿ ಡೈ ಅಂದ್ರೆ ಎರಡು. ಅಮೀನ್ ಅನ್ನೋದು ಸಾರಜನಕ ಇರೋ ಒಂದು ಗುಂಪು, ಇದರಲ್ಲಿ ಅಂಥವು ಎರಡಿವೆ. ಫಿನೈಲೀನ್ ಅಂದ್ರೆ ಆರು ಇಂಗಾಲ ಕೈ ಕೈ ಹಿಡ್ಕೊಂಡು ಕೂತ ಉಂಗುರ. ಪ್ಯಾರಾ ಅಂದ್ರೆ ಆ ಎರಡು ಗುಂಪೂ ಉಂಗುರದಲ್ಲಿ ಎದುರುಬದುರು ಕೂತಿವೆ ಅಂತ, ಮುನಿಸ್ಕೊಂಡ ಗಂಡ ಹೆಂಡತಿ ಥರ."

"ಹಾಗಾದ್ರೆ ಹೇರ್ ಡೈಗೂ ಇದಕ್ಕೂ ಸಂಬಂಧ ಇಲ್ಲ?"

"ಹೆಸರಿಗೆ ಸಂಬಂಧ ಇಲ್ಲ. ಆದ್ರೆ ನೀವು ಹಚ್ಕೊಳ್ಳೋ ಪ್ಯಾಕೆಟ್ಟಿನಲ್ಲಿ ಇರೋದು ಇದೇ. ಕಪ್ಪು ಬರೋದೇ ಇದರಿಂದ. ಇನ್ಮೇಲೆ ಮುಟ್ಟಲೇಬೇಡಿ."

ಅಂಗಡಿಯ ಟ್ರಯಲ್ ರೂಮಿನಲ್ಲಿ ಪರದೆ ಎಳೆದುಕೊಂಡು ತಿಂಗಳಿಗೊಮ್ಮೆ ನಡೆಸುತ್ತಿದ್ದ ಗುಟ್ಟಿನ ಕೆಲಸ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಏನು ಹೇಳೋದು? ಇಷ್ಟು ಉದ್ದದ ಹೆಸರಿದೆ, ಅದರ ಹಿಂದೆ ಎಂಥವನೂ ಆರಾಮಾಗಿ ಅಡಗಿ ಕೂರಬಹುದು ಅಂದುಕೊಂಡ. ತೊಂದರೆ ಕೊಡುತ್ತಿದ್ದುದು ಆ ಡೈ ಒಂದೇ. ಹೆಂಡತಿ ಕೇಳಿದಾಗ "ಪ್ಯಾರಾ ಫಿನೈಲೀನ್" ಎಂದು ಜೋರಾಗಿ ಕೆಮ್ಮಿ, "ಅಮೀನ್" ಎಂದು ಮುಗಿಸಿದ.

"ಫಿನೈಲಾ? ಅಯ್ಯೋ ದೇವರೇ, ದಿನಾ ನೆಲ ಒರೆಸೋದು ಅದರಲ್ಲೇ ಅಲ್ವೇನ್ರೀ!"

ಆಗಲೇ ಫಿನೈಲ್ ಬಾಟಲಿ ಮನೆಯಿಂದ ಹೊರಬಿತ್ತು. ಹಿಂದೆಯೇ ಸೋಪು, ಬೂಟ್ ಪಾಲಿಶ್. ಕಪ್ಪು ಬಟ್ಟೆಯಲ್ಲೂ ಅಂಥದ್ದೇನೋ ಇರಬಹುದು ಎಂದು ಪಕ್ಕದ ಮನೆಯ ಟೀಚರ್ ಹೇಳಿದ್ದೇ ತಡ, ಹೆಂಡತಿ ಅಂಗಡಿಗೆ ಬಂದು, ಕತ್ತರಿಸಿಟ್ಟಿದ್ದ ಲಾಯರುಗಳ ಕೋಟುಗಳನ್ನು ಗಂಟು ಕಟ್ಟಿ ಎದುರು ಸಾಲಿನ ಟೇಲರಿಗೆ ಕೊಟ್ಟುಬಂದಳು. ಆ ಮಹಾಶಯ ತೋಳು ಕೂರಿಸಿದರೆ ಕಂಕುಳಲ್ಲಿ ಸುಕ್ಕು ಬರದೇ ಇದ್ದ ದಿನವಿಲ್ಲ. ಟೇಲರ್ ಖಾಲಿ ಮೇಜಿನ ಮೇಲೆ ಸೀಮೆಸುಣ್ಣ ಉರುಳಿಸುತ್ತಾ ಕೂತ.

ಅಷ್ಟರಲ್ಲಿ ಕೂದಲಿನ ಬುಡದಲ್ಲಿ ಬಿಳಿ ಇಣುಕತೊಡಗಿತು. ಬಿರುಬಿಸಿಲಲ್ಲೂ ಉಣ್ಣೆಯ ಟೋಪಿ ಹಾಕಿಕೊಂಡು ಕೂತ. ಹೆಂಡತಿ ಪ್ರತಿದಿನ ಅವನ ಕಿವಿಗೆ ಮುಲಾಮು ಸವರುತ್ತಾ, "ಎಷ್ಟು ನೋಯ್ತಿದೆಯೋ ಏನೋ" ಎಂದು ಮರುಗುವಳು. ಆಗ ಮಾತ್ರ ಅವನಿಗೆ ನಿಜವಾಗಿಯೂ ಉರಿಯುತ್ತಿತ್ತು.

ಆ ರಾಸಾಯನಿಕ ಇಲ್ಲದ ಸೋಪು ಹುಡುಕಿಕೊಂಡು ಅವಳು ಮೆಡಿಕಲ್ ಸ್ಟೋರಿಗೆ ಹೋದಳು. "ಪ್ಯಾರಾ ಫಿನೈಲೀನ್ ಅಮೀನ್ ಇಲ್ಲದ್ದು ಕೊಡಪ್ಪ."

ಅಂಗಡಿಯವನು ನಕ್ಕ. "ನಡುವೆ ಒಂದು ಡೈ ಬಿಟ್ರಿ ಅಮ್ಮಾ. ಡೈಅಮೀನ್. ಸೋಪಲ್ಲೆಲ್ಲಿಂದ ಬರುತ್ತೆ ಅದು? ಹೇರ್ ಡೈಯಲ್ಲಿರೋದು. ನಿಮ್ಮ ಯಜಮಾನ್ರು ತಿಂಗಳು ತಿಂಗಳು ಒಯ್ತಾರಲ್ಲ, ಅದರ ಮೇಲೇ ಬರೆದಿದೆ ನೋಡಿ."

ಅವಳು ಸೀದಾ ಗಂಡನ ಅಂಗಡಿಗೆ ಬಂದು ಟೋಪಿ ಕಿತ್ತಳು. ಬುಡ ಬಿಳಿ, ತುದಿ ಕಪ್ಪು.

"ರೀ, ಆ ಹೆಸರು ಇನ್ನೊಂದ್ಸಲ ಹೇಳಿ."

"ಪ್ಯಾರಾ ಫಿನೈಲೀನ್..."

"ಕೆಮ್ಮದೆ ಹೇಳಿ."

"ಡೈಅಮೀನ್," ಎಂದ ಸಣ್ಣ ದನಿಯಲ್ಲಿ.

"ಡೈ ಅಂದ್ರೆ?"

"ಎರಡು."

"ಸರಿ, ಹಾಗಾದ್ರೆ ಎರಡು ಕೆಲಸ ಇದೆ. ಆ ಕೋಟುಗಳನ್ನ ನೀವೇ ಹೋಗಿ ತನ್ನಿ. ಆಮೇಲೆ ನಿಮ್ಮ ತಮ್ಮನಿಗೆ ಎಲ್ಲಾ ಹೇಳಿ. ನೆಂಟರ ಮುಂದೆ ನಾನು ನಿಮ್ಮ ಅಕ್ಕನ ಥರ ಎಷ್ಟು ವರ್ಷ ನಿಂತಿದ್ದೀನಿ ಗೊತ್ತೇನ್ರೀ?"

ಅವನು ತಲೆ ತಗ್ಗಿಸಿ, "ತಪ್ಪಾಯ್ತು ಕಣೇ" ಎಂದ.

ಎದುರಿನವನು ಆಗಲೇ ಒಂದು ತೋಳು ಕೂರಿಸಿಬಿಟ್ಟಿದ್ದ. ಅದನ್ನು ಬಿಚ್ಚಿ ಮತ್ತೆ ಕೂರಿಸಲು ಅರ್ಧ ದಿನ ಹಿಡಿಯಿತು. ತಮ್ಮ ಎಲ್ಲ ಕೇಳಿ ಅಣ್ಣನ ತಲೆಯನ್ನು ಸುತ್ತಲೂ ನೋಡಿದ. "ಮತ್ತೆ ಆ ಸೊಪ್ಪಿನ ರಸ, ಅಣ್ಣಾ?"

"ಅದು... ಹೊಟ್ಟೆಗೆ ಒಳ್ಳೇದು ಕಣೋ."

ತಮ್ಮ ಎದ್ದು ಹೋದ. ಮೆಟ್ಟಿಲ ಹತ್ತಿರ ಅವನು ಗೋಡೆ ಹಿಡಿದುಕೊಂಡು ನಗುವುದು ಕೇಳಿಸಿತು.

ಟೇಲರನ ಮೀಸೆ ಪೂರ್ತಿ ಬೆಳ್ಳಗಾದ ಮೇಲೆ ಹಳೇ ಗಿರಾಕಿಯೊಬ್ಬರು ಬಂದು, ಒಳಗೆಲ್ಲ ಕಣ್ಣಾಡಿಸಿ ಕೇಳಿದರು: "ಟೇಲರ್ ಇಲ್ವಾ? ನೀವು ಅವರ ಅಣ್ಣನಾ? ಪರವಾಗಿಲ್ಲ, ಅಳತೆ ನೀವೇ ತಗೊಳ್ಳಿ. ಅವರಿಗಿಂತ ಕೈ ಪಳಗಿದವರ ಹಾಗೆ ಕಾಣ್ತೀರ."

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಟೇಲರ್ ಗತ್ತಿನಿಂದ ಟೇಪು ತೆಗೆದು, "ಅವನಿಗೆ ಕಲಿಸಿದ್ದೇ ನಾನು, ಸ್ವಾಮಿ. ಭುಜ ಸ್ವಲ್ಪ ನೆಟ್ಟಗೆ ಮಾಡಿ" ಎಂದ.