ಚೌಕದ ಹಿತ್ತಾಳೆ ಆಮೆ

ಚೌಕದ ಕಾರಂಜಿಯ ಪಕ್ಕದಲ್ಲಿದ್ದ ಹಿತ್ತಾಳೆ ಆಮೆಯನ್ನು ಕಳ್ಳರು ಹಾಡಹಗಲೇ ಹೊತ್ತೊಯ್ದಿದ್ದರು. ಪಾಲಿಶ್ ಮಾಡಿಸಿ ತರುತ್ತೇವೆ ಎಂದದ್ದನ್ನು ನಂಬಿ, ಅದನ್ನು ವ್ಯಾನಿಗೆ ಏರಿಸಲು ಸುತ್ತಲಿನ ಅಂಗಡಿಯವರೂ ಕೈಹಚ್ಚಿದ್ದರು. ಆಮೇಲೆ ಊರವರ ಬಾಯಿಗೆ ಸಿಕ್ಕಿದವನು ಮಾತ್ರ ಚೌಕದ ಕಾವಲುಗಾರ. ಪಾಪ, ಅವನು ಆಗಷ್ಟೇ ಹುಟ್ಟಿದ ಮಗಳ ಮುಖ ನೋಡಲು ಆಸ್ಪತ್ರೆಗೆ ಓಡಿದ್ದ.

ಅವನನ್ನು ಗುಜರಿ ಗೋದಾಮಿನ ಕಾವಲಿಗೆ ಎತ್ತಿಹಾಕಿದರು. ಮಗಳಿಗೆ ಊರೇ ಸೇರಿ ಆಮೆಮರಿ ಎಂದು ಹೆಸರಿಟ್ಟಿತು. ಆಮೆ ಹೋಯಿತು, ನೀನು ಬಂದೆ ಎಂದು ಸೋದರತ್ತೆ ಗಲ್ಲ ಹಿಂಡುತ್ತಿದ್ದಳು. ನಗುನಗುತ್ತಲೇ ಹೇಳುವ ಮಾತು. ಅದು ಎಲ್ಲಿ ಚುಚ್ಚುತ್ತದೆ ಎಂಬುದು ಕೇಳಿಸಿಕೊಂಡವಳಿಗೇ ಗೊತ್ತು. ಅಪ್ಪ ಹೂಂ ಅಂದವನೂ ಅಲ್ಲ, ಊಹೂಂ ಅಂದವನೂ ಅಲ್ಲ. ಅವತ್ತು ತನ್ನನ್ನು ನೋಡಲು ಬಂದದ್ದಕ್ಕೆ ಅಪ್ಪ ಒಳಗೊಳಗೇ ಪರಿತಪಿಸುತ್ತಿರಬಹುದೇ ಎಂಬ ಅಳುಕು ಅವಳ ಜೊತೆಗೇ ಬೆಳೆಯಿತು. ಕೇಳಲು ಮಾತ್ರ ಬಾಯಿ ಬರಲಿಲ್ಲ.

ಮುಂದೆ ಅವಳು ಶಾಲಾಮಕ್ಕಳಿಗೆ ವಿಡಿಯೋ ಗೇಮ್ ಮಾಡುವ ಕಚೇರಿ ಸೇರಿದಳು. ಊರಿನ ಇತಿಹಾಸ ಕಲಿಸುವ ಆಟ: ಬೀದಿ ಬೀದಿ ಸುತ್ತಿ, ಹಳೆಯ ವಸ್ತುಗಳನ್ನು ಹುಡುಕಿ, ಗುಂಡಿ ಒತ್ತಿ ಚೀಲಕ್ಕೆ ಹಾಕಿಕೊಳ್ಳಬೇಕು. ಎಲ್ಲಕ್ಕಿಂತ ಅಪರೂಪದ ವಸ್ತು ಆಮೆ. ಹಳೆಯ ಫೋಟೋಗಳನ್ನು ಮುಂದಿಟ್ಟುಕೊಂಡು, ಮಕ್ಕಳು ಕೂತು ಕೂತು ಸವೆಸಿದ ಬೆನ್ನಿನ ಹೊಳಪನ್ನೂ ಬಿಡದೆ ಅವಳೇ ಅದನ್ನು ರೂಪಿಸಿದಳು. ಆಟ ಶಾಲೆಗಳಿಗೆ ಹೋಗುವ ಮೊದಲು ನೀನೇ ಆಡಬೇಕು ಎಂದು ಹಟ ಹಿಡಿದು ಅಪ್ಪನನ್ನು ಕಚೇರಿಗೆ ಕರೆತಂದಳು.

ಅಪ್ಪನ ಹೆಬ್ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಪರದೆಯ ಮೇಲಿನ ಅವನ ಗೊಂಬೆ ಕಾರಂಜಿಗೆ ಬಿದ್ದು, ಎದ್ದು, ಗೋಡೆಗೆ ಹಣೆ ಚಚ್ಚಿಕೊಂಡು, ಕೊನೆಗೂ ಆಮೆಯ ಮುಂದೆ ಬಂದು ನಿಂತಿತು. ತೆಗೆದುಕೊಳ್ಳುವಿರಾ ಎಂದು ಪರದೆ ಕೇಳಿತು. ಅಪ್ಪ ಒತ್ತಲಿಲ್ಲ. ಗೊಂಬೆಯನ್ನು ಮೆಲ್ಲಗೆ ತಿರುಗಿಸಿ, ಆಮೆಗೆ ಬೆನ್ನು ಕೊಟ್ಟು, ಬೀದಿಗೆ ಮುಖಮಾಡಿ ನಿಲ್ಲಿಸಿದ. ಸಮಯ ಮುಗಿಯುತ್ತಿದೆ, ಒತ್ತು ಎಂದು ಮಗಳು ಅವಸರ ಮಾಡಿದಳು. ಚೌಕದ್ದನ್ನು ಚೀಲಕ್ಕೆ ಹಾಕಿಕೊಳ್ಳುವುದು ತನ್ನಿಂದಾಗದ ಮಾತು ಎಂದುಬಿಟ್ಟ. ನೀವು ಸೋತಿರಿ ಎಂದು ಆಟ ಸಾರಿತು. ಅಪ್ಪ ತಲೆ ಕೆಡಿಸಿಕೊಳ್ಳಲಿಲ್ಲ.

ಇಷ್ಟು ಕಾಲ ನುಂಗಿಕೊಂಡಿದ್ದ ಮಾತನ್ನು ಅವಳಿಗೆ ತಡೆಯಲಾಗಲಿಲ್ಲ.

"ಅವತ್ತು ನನ್ನ ನೋಡೋಕೆ ಬರಬಾರದಿತ್ತು ಅಂತ ಯಾವತ್ತಾದ್ರೂ ಅನ್ಸಿದ್ಯಾ ಅಪ್ಪಾ?"

ಅಪ್ಪ ಅವಳ ಕಡೆ ತಿರುಗಿದ. "ನೋಡ್ಕೊಂಡು ಓಡಿ ಬಂದುಬಿಡೋಣ ಅಂತಾನೇ ಹೋಗಿದ್ದೆ ಕಣಮ್ಮಾ. ನೀನು ಬೆರಳು ಹಿಡ್ಕೊಂಡೆ. ಬಿಡಿಸ್ಕೊಂಡು ಬರೋಕೆ ಮನಸ್ಸಾಗ್ಲಿಲ್ಲ. ಗೋದಾಮಲ್ಲಿ ಬೇಜಾರಾದಾಗೆಲ್ಲ ಅದನ್ನೇ ನೆನೆಸ್ಕೊಂಡು ಕೂತಿರ್ತಿದ್ದೆ. ಒಂದು ದಿನಾನೂ ಭಾರ ಅನ್ಸಿಲ್ಲ."

ಅವಳು ಕಚೇರಿಯವರೆಲ್ಲರ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತಳು. ಎದೆಯ ಮೇಲಿನ ಕಲ್ಲು ಇಳಿದಿತ್ತು. ಇಂಥ ಅಪ್ಪನ ಮಗಳಾಗಿ ಹುಟ್ಟಿದ್ದಕ್ಕೆ ಯಾರಿಗೆ ಕೈಮುಗಿಯಬೇಕೋ ತಿಳಿಯದೆ, ಎದುರಿಗಿದ್ದ ಅಪ್ಪನಿಗೇ ಮುಗಿದಳು. ಅವನು ಗಾಬರಿಯಾಗಿ, ಆಟದಲ್ಲಿ ಸೋತಿದ್ದಕ್ಕೆ ಇಷ್ಟು ಅಳಬೇಕೇ ಎಂದು ರೇಗಿಸಿದ.

ಅವಳು ಆಟದ ನಿಯಮವನ್ನೇ ಬದಲಿಸಿದಳು. ಈಗ ಆಮೆಯನ್ನು ಯಾರೂ ಚೀಲಕ್ಕೆ ಹಾಕಿಕೊಳ್ಳುವಂತಿಲ್ಲ. ಪಕ್ಕದಲ್ಲಿ ನಿಂತು ಕಾಯ್ದವರದು ಗೆಲುವು. ಚೌಕದ ಆಚೆಗೊಂದು ಆಸ್ಪತ್ರೆಯನ್ನೂ ಕಟ್ಟಿದಳು. ಕಾಯುವವನು ಅದರೊಳಗೆ ಹೋದರೆ ಆಟದ ಗಡಿಯಾರ ನಿಂತುಬಿಡುತ್ತದೆ. ಎಷ್ಟು ಹೊತ್ತಾದರೂ ಸರಿ, ಅವನು ವಾಪಸ್ ಬರುವವರೆಗೆ ಆಮೆಯನ್ನು ಯಾರೂ ಮುಟ್ಟಲಾರರು.