ಸಂಪಿನ ಮಿಸ್ಡ್ ಕಾಲ್

ಆಲ್ಕೊಳದ ಲಿಂಗಮ್ಮನಿಗೆ ಮಗ ತಂದು ಕೂರಿಸಿದ ಆ ಡಬ್ಬಿಯನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ನಲ್ಲಿ ನೀರು ದಿನ ಬಿಟ್ಟು ದಿನ, ಅದೂ ತನಗೆ ಮನಸ್ಸು ಬಂದಾಗ ಬರುವಂಥದ್ದು. ಅದಕ್ಕೆ ಕಿವಿಗೊಟ್ಟು ಕೂತು, ಸಂಪು ತುಂಬಿದ ಕೂಡಲೇ ಮೋಟರ್ ಹಾಕಿ ಟ್ಯಾಂಕಿಗೆ ಏರಿಸುವುದು ಅವಳ ಕಾರುಬಾರು. ಅದಕ್ಕೂ ಮಗ ಕೈ ಹಾಕಿಬಿಟ್ಟ!

ಮನೋಹರ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ಸಂಪಿನೊಳಗೆ ಸೆನ್ಸರ್ ಇಳಿಬಿಟ್ಟು, ಪಡಸಾಲೆಯ ಗೋಡೆಗೆ ಸಿಮ್ ಹಾಕಿದ ಡಬ್ಬಿ ಹೊಡೆದಿದ್ದ. ನಡುವೆ ಒಂದು ತಂತಿಯೂ ಇಲ್ಲ. ಸಂಪು ತುಂಬಿದರೆ ಡಬ್ಬಿ ಅವನ ಮೊಬೈಲಿಗೆ ಮಿಸ್ಡ್ ಕಾಲ್ ಕೊಡುತ್ತಿತ್ತು. ಅವನು ಅಲ್ಲಿಂದ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡುತ್ತಿದ್ದ.

"ನೀರು ಬಂತು, ಮೋಟರ್ ಹಾಕಮ್ಮ."

"ನಂಗೇನು ಕಣ್ಣಿಲ್ವೇನೋ ಮಾರಾಯ? ಭದ್ರಾವತಿಯಿಂದ ನೀನು ಹೇಳ್ಬೇಕಾ?"

ರೇಗಿ, ರಿಸೀವರನ್ನು ಸೊಸೆ ವೇದಾಳ ಕೈಗೆ ಕೊಟ್ಟು ಮೋಟರ್ ಹಾಕಲು ಹೋಗುವಳು. ಗಂಡ ಹೆಂಡತಿ ನೀರಿನ ನೆಪದಲ್ಲಿ ಬೇಕಾದ್ದು ಮಾತಾಡಿಕೊಳ್ಳುವರು. ಅದು ಅವಳಿಗೂ ಗೊತ್ತಿತ್ತು.

ಕಾರ್ತಿಕದಲ್ಲಿ ಮನೋಹರ ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಅವನ ಮೊಬೈಲನ್ನು ಯಾರೋ ವೇದಾಳ ಕೈಗಿಟ್ಟರು. ಅಂದಿನಿಂದ ಆ ಹುಡುಗಿ ಅಳಲೂ ಇಲ್ಲ, ಒಂದು ಮಾತಾಡಲೂ ಇಲ್ಲ. ನೀರು ಬಂದಾಗ ಅವಳ ಕೋಣೆಯಲ್ಲಿ ಆ ಮೊಬೈಲ್ ಬಡಿದುಕೊಂಡು ಸುಮ್ಮನಾಗುತ್ತಿತ್ತು. ಅದನ್ನು ಎದೆಗೊತ್ತಿಕೊಂಡು ಕೂತುಬಿಡುತ್ತಿದ್ದಳು. ಹೋದ ಮಗ ಹೋದ, ಇವಳಾದರೂ ಉಳಿಯಲಿ ಎಂದು ಲಿಂಗಮ್ಮ ದಿನವೂ ದೇವರಿಗೆ ಕೈ ಮುಗಿಯುತ್ತಿದ್ದಳು. ಕಡೆಗೆ ತಡೆಯಲಾರದೆ ಪಕ್ಕದ ಬೀದಿಯ ವೈರಿಂಗ್ ಹೊನ್ನಯ್ಯನನ್ನು ಕರೆಸಿದಳು.

"ಇದನ್ನ ಕಿತ್ತು ಹಾಕು ಹೊನ್ನಯ್ಯ. ಹೋದೋನ ಫೋನಿಗೆ ಇನ್ಯಾಕೆ ಇದು?"

ಹೊನ್ನಯ್ಯ ಸ್ಟೂಲ್ ಹತ್ತಿ ಮೊದಲ ಸ್ಕ್ರೂ ಬಿಚ್ಚುವಷ್ಟರಲ್ಲಿ ಹೊರಗೆ ಸಂಪು ತುಂಬಿತು. ಕೋಣೆಯಲ್ಲಿ ಮೊಬೈಲ್ ಒಮ್ಮೆ ಬಡಿದುಕೊಂಡು ನಿಂತಿತು. ಇದೇ ಕಡೆಯದು, ಅಂದುಕೊಂಡಳು ಲಿಂಗಮ್ಮ. ಸ್ವಲ್ಪ ಹೊತ್ತಿಗೆ ಪಡಸಾಲೆಯ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ನೀರು ಬಂದಾಗ ಬರುವ ಫೋನು. ಅದನ್ನು ಮಾಡುವವನೇ ಈಗ ಇಲ್ಲ. ಎತ್ತಿದಳು.

ಆ ಕಡೆ ಬರೀ ಉಸಿರು. ಆಮೇಲೆ ಸಣ್ಣ ದನಿ, ರಿಸೀವರಿನಿಂದಲೂ ಕೋಣೆಯ ಬಾಗಿಲಿನಿಂದಲೂ ಕೇಳಿಸಿತು.

"ಅತ್ತೆ... ನೀರು ಬಂತು. ಮೋಟರ್ ಹಾಕಿ."

ನಂಗೇನು ಕಣ್ಣಿಲ್ವಾ ಎಂಬ ಮಾತು ರೂಢಿಯಂತೆ ಬಾಯಿಗೆ ಬಂತು, ನುಂಗಿಕೊಂಡಳು.

"ಹಾಕ್ತೀನಿ ಕಣವ್ವ," ಎಂದಳು ಲಿಂಗಮ್ಮ. "ಇನ್ನೂ ಏನಾದ್ರೂ ಹೇಳು. ಫೋನ್ ಇಡಬೇಡ."

ಕೋಣೆಯೊಳಗೆ ವೇದಾ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು. ಲಿಂಗಮ್ಮ ರಿಸೀವರನ್ನು ಕಿವಿಗೆ ಒತ್ತಿಕೊಂಡೇ ತಾನೂ ಅತ್ತಳು, ಅಳುತ್ತಲೇ ಹೊನ್ನಯ್ಯನಿಗೆ ಇಳಿ ಎಂದು ಕೈ ಮಾಡಿದಳು. ಅವನು ಸ್ಕ್ರೂ ತಿರುಗಿಸಿ ಮೊದಲಿನಂತೆ ಬಿಗಿ ಮಾಡಿದ.

ಅವತ್ತು ಮೋಟರ್ ಹಾಕಲು ಯಾರಿಗೂ ನೆನಪಾಗಲಿಲ್ಲ. ನೀರು ಸಂಪು ಉಕ್ಕಿ ಅಂಗಳವೆಲ್ಲ ಹರಿದು ರಸ್ತೆ ಸೇರಿತು.